ಪುಟ್ಟಿಯ ಮೀಸೆ

ತೆರಕಣಾಂಬಿಯಲ್ಲಿ ಮರಿಯಪ್ಪ ಎಂದರೆ ಯಾವ ಮರಿಯಪ್ಪ ಎಂದು ಕೇಳುವವರುಂಟು. ಮೀಸೆ ಮರಿಯಪ್ಪ ಎಂದರೆ ಮಾತ್ರ ಬೀದಿಯಲ್ಲಿ ಆಡುವ ಮಕ್ಕಳೂ ಮನೆ ತೋರಿಸುತ್ತಿದ್ದವು. ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನು. ಕೇರಳದ ಲಾರಿ ಡ್ರೈವರುಗಳು ‘ಮೀಶ ಚೇಟ್ಟಾ’, ಮೀಸೆ ಅಣ್ಣಾ, ಎಂದು ಕೂಗಿ ಗೇಟು ತೆಗೆಸಿಕೊಳ್ಳುತ್ತಿದ್ದರು. ರಿಟೈರಾದ ಮೇಲೆ ಯೂನಿಫಾರಂ ಪೆಟ್ಟಿಗೆ ಸೇರಿತು, ಮೀಸೆ ಮಾತ್ರ ಡ್ಯೂಟಿಯಲ್ಲೇ ಉಳಿಯಿತು. ಅದಕ್ಕೆ ವಾರಕ್ಕೊಮ್ಮೆ ಬಣ್ಣ, ದಿನಕ್ಕೆರಡು ಸಲ ಎಣ್ಣೆ. ಅಷ್ಟು ಉಪಚಾರವನ್ನು ಹೆಂಡತಿ ಬಸವಮ್ಮ ಕಂಡವಳಲ್ಲ.

ಮೊಮ್ಮಗಳು ಪುಟ್ಟಿಗೆ ಐದು ತಿಂಗಳಾದಾಗ, ಅವಳ ತಲೆ ಹಿಂಬದಿಯಲ್ಲಿ ಬಲಗಡೆ ಚಪ್ಪಟೆಯಾಗಿರುವುದು ಮೊದಲು ಕಂಡಿದ್ದು ಸೊಸೆ ಮೇಘನಾಳಿಗೆ. ಚಾಮರಾಜನಗರದ ಮಕ್ಕಳ ಡಾಕ್ಟರು ನೋಡಿ, ಕತ್ತು ಒಂದು ಬದಿ ಬಿಗಿಯಾಗಿದೆ, ಅದಕ್ಕೇ ಮಗು ಸದಾ ಬಲಕ್ಕೆ ತಿರುಗಿ ಮಲಗುತ್ತದೆ, ಮಲಗಿದ ಕಡೆ ತಲೆ ಒತ್ತಿಹೋಗಿದೆ ಎಂದರು. ಕೊನೆಗೆ ಮೈಸೂರಿನಲ್ಲಿ ಅಳತೆ ಕೊಟ್ಟು ಹೆಲ್ಮೆಟ್ ಮಾಡಿಸಿದ್ದಾಯಿತು. ಬಿಳಿಯದು, ಒಳಗೆ ಮೆತ್ತನೆಯ ಫೋಮು. ಚಪ್ಪಟೆಯಾದ ಕಡೆ ಮಾತ್ರ ಒಳಗೆ ಜಾಗ ಬಿಟ್ಟಿದ್ದರು, ತಲೆ ಅತ್ತ ಬೆಳೆದು ತುಂಬಿಕೊಳ್ಳಲಿ ಎಂದು. ದಿನಕ್ಕೆ ಇಪ್ಪತ್ತಮೂರು ಗಂಟೆ ಅದು ತಲೆಯ ಮೇಲಿರಬೇಕು, ಸ್ನಾನಕ್ಕೆ ಒಂದು ಗಂಟೆ ಬಿಡುವು.

“ಹೆಲ್ಮೆಟ್ಟೇ ಎಲ್ಲಾ ಮಾಡಲ್ಲ,” ಎಂದರು ಚಾಮರಾಜನಗರದ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ತಹಸೀನ್ ಮೇಡಂ. “ಮಗು ತಾನಾಗೇ ಎಡಕ್ಕೆ ತಿರುಗಬೇಕು, ಗದ್ದ ಎಡಭುಜದ ಮೇಲೆ ಬರಬೇಕು. ವರ್ಷ ತುಂಬೋದರೊಳಗೆ ಆಗಬೇಕಮ್ಮ. ಆಮೇಲೆ ಮೂಳೆ ಗಟ್ಟಿಯಾಗ್ತಾ ಹೋಗುತ್ತೆ.”

ಪುಟ್ಟಿ ಗಿಲಕಿಗೆ ತಿರುಗಲಿಲ್ಲ, ಬಲೂನಿಗೆ ತಿರುಗಲಿಲ್ಲ. ಅಪ್ಪ ಸುನೀಲ್ ಕುಮಾರ ಬದನಗುಪ್ಪೆಯ ಫ್ಯಾಕ್ಟರಿಯಿಂದ ಬಂದು ಎಡಗಡೆ ನಿಂತು ಚಪ್ಪಾಳೆ ತಟ್ಟಿದರೆ ಕಣ್ಣು ಮಾತ್ರ ಹೊರಳಿಸಿ ಸುಮ್ಮನಾಗುತ್ತಿದ್ದಳು. ಅವಳು ತಿರುಗಿದ್ದು ತಾತನ ಮೀಸೆಗೆ. ಮರಿಯಪ್ಪ ಎಡಬದಿಗೆ ಕೂತು ಮೀಸೆ ಕುಣಿಸಿದರೆ ಇಡೀ ತಲೆ ತಿರುಗಿಸಿ, ಕೈ ಚಾಚಿ ಹಿಡಿದು ಎಳೆದು, ಅವನ ಕಣ್ಣಲ್ಲಿ ನೀರು ಬಂದಾಗ ಕೇಕೆ ಹಾಕುತ್ತಿದ್ದಳು. ಅದನ್ನು ಅವನು ಬರೀ ಆಟ ಎಂದೇ ತಿಳಿದಿದ್ದ. ಚಿಕಿತ್ಸೆ ಏನಿದ್ದರೂ ಹೆಲ್ಮೆಟ್ಟಿನದು, ಹೆಲ್ಮೆಟ್ಟಿನ ಮೇಲೂ ಅವನಿಗೆ ನಂಬಿಕೆ ಅಷ್ಟಕ್ಕಷ್ಟೆ. ಬಸ್ಸಿನಲ್ಲಿ ಜನ ಮಗುವನ್ನು ಪಿಳಿಪಿಳಿ ನೋಡುತ್ತಾರೆಂದು ಅದರ ಮೇಲೆ ತನ್ನ ಟವೆಲ್ ಮುಚ್ಚಿ ಕೂರುತ್ತಿದ್ದ.

ಎಂಟನೇ ತಿಂಗಳ ತಪಾಸಣೆಯಲ್ಲಿ, ಸ್ವಲ್ಪ ಸುಧಾರಿಸಿದೆ, ಆದರೆ ಸಾಲದು ಎಂದರು. ಮೊಮ್ಮಗಳ ತಲೆ ಸರಿಹೋದರೆ ತನ್ನ ಮುಡಿ ಕೊಡುತ್ತೇನೆಂದು ಮರಿಯಪ್ಪ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದ. ಹರಕೆ ತೀರಿಸುವುದು ಕೆಲಸವಾದ ಮೇಲೆ, ಅದು ಅವನಿಗೂ ಗೊತ್ತು. ಆದರೆ ಮೊದಲೇ ತೀರಿಸಿಬಿಟ್ಟರೆ ಮಾದಪ್ಪ ದಾಕ್ಷಿಣ್ಯಕ್ಕಾದರೂ ಬೀಳುತ್ತಾನೆ ಎಂದುಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿದ.

ಬೆಟ್ಟದಲ್ಲಿ ಮುಡಿ ತೆಗೆಯುವವನು ತಲೆ ಮುಗಿಸಿ ಕತ್ತಿ ಎತ್ತಿ ಹಿಡಿದ. “ಮೀಸೆ ಏನ್ ಮಾಡನ?”

ಮರಿಯಪ್ಪ ಕನ್ನಡಿ ಕೇಳಿ ಇಸಿದುಕೊಂಡು ಒಂದು ಗಳಿಗೆ ನೋಡಿಕೊಂಡ.

“ದೇವ್ರಿಗ್ ಕೊಡೋದ್ರಲ್ಲಿ ಉಳಿಸ್ಕಳದಾ? ತಗದ್ಬುಡಪ್ಪ,” ಎಂದು ಕಣ್ಣು ಮುಚ್ಚಿಕೊಂಡ.

ಮನೆಗೆ ಬಂದಾಗ ಬಾಗಿಲಲ್ಲಿದ್ದ ಬಸವಮ್ಮ ಸೆರಗು ಸರಿಮಾಡಿಕೊಂಡು, “ಯಾರ್ ಬೇಕಾಗಿತ್ತು?” ಎಂದಳು. ಗುರುತು ಹತ್ತಿದ ಮೇಲೆ ಅಲ್ಲೇ ಕುಸಿದು ಕೂತು ನಗತೊಡಗಿದಳು. ಅವಳ ಕಡೆ ನೋಡದೆ ಮರಿಯಪ್ಪ ನೇರವಾಗಿ ಒಳಗೆ ಹೋಗಿ ಚಾಪೆಯ ಎಡಬದಿಗೆ ಕೂತು, “ಪುಟ್ಟೀ” ಎಂದ.

ದನಿ ಕೇಳಿ ಪುಟ್ಟಿ ಥಟ್ಟನೆ ತಿರುಗಿದಳು. ನೋಡಿದಳು. ತುಟಿ ನಡುಗಿತು. ಮನೆ ಹಾರಿಹೋಗುವಂತೆ ಕಿರುಚಿ ತಲೆಯನ್ನು ಬಲಕ್ಕೆ ತಿರುಗಿಸಿಕೊಂಡಳು.

ಮೂರು ದಿನ ಹಾಗೆಯೇ ಆಯಿತು. ಅವನು ಎಡಕ್ಕೆ ಬಂದರೆ ಬಲಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದಳು. ಮೇಘನಾ ಮಾವನಿಗೆ ಎದುರಾಡಿದವಳಲ್ಲ. ಮೂರನೆಯ ದಿನ ತಡೆಯಲಾಗಲಿಲ್ಲ.

“ಏನ್ ಮಾಡ್ಬುಟ್ರಿ ಮಾವ! ಅವ್ಳು ಎಡಕ್ ತಿರುಗ್ತಿದ್ದದ್ದೇ ಅದುಕ್ಕೆ. ಆ ಮೀಸೆ ನಿಮ್ದಾ? ಅವ್ಳ್ದು ಕಣ್ ಮಾವ. ಅವ್ಳ್ದ ತಕಂಡೋಗಿ ದೇವ್ರಿಗ್ ಕೊಟ್ಬುಟ್ರಲ್ಲ!”

ಕಾಡಿನಲ್ಲಿ ಒಂಟಿ ಸಲಗ ಎದುರಾದಾಗಲೂ ಮರಿಯಪ್ಪನಿಗೆ ಇಷ್ಟು ಭಯವಾಗಿರಲಿಲ್ಲ. ಮೀಸೆ ಮೊದಲಿನಂತಾಗಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಮಗುವಿಗೆ ವರ್ಷ ತುಂಬುತ್ತದೆ. ತನ್ನ ಭಕ್ತಿ ತನಗೇ ಹೀಗೆ ತಿರುಗಿಬಿತ್ತಲ್ಲ ಎಂದು ಕೊಟ್ಟಿಗೆಗೆ ಹೋಗಿ ಒಬ್ಬನೇ ಅತ್ತ.

ಮರುದಿನ ಪುಟ್ಟಿಗೆ ಕಾಡಿಗೆ ಹಚ್ಚಿ ಮೇಘನಾ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಹೋದಳು. ಮರಿಯಪ್ಪ ಅದನ್ನೇ ನೋಡುತ್ತ ಕೂತವನು ಎದ್ದು, ಬಾಗಿಲು ಮುಂದೆ ಮಾಡಿ, ಕನ್ನಡಿಯ ಎದುರು ನಿಂತು ಬೆರಳಿನಿಂದ ಮೀಸೆ ಬರೆದುಕೊಂಡ. ಹೋಗಿ ಎಡಕ್ಕೆ ಕೂತ. ಪುಟ್ಟಿ ಓರೆಗಣ್ಣಿನಿಂದ ನೋಡಿದಳು. ಆಮೇಲೆ ಮೆಲ್ಲಗೆ, ಅನುಮಾನದಿಂದಲೇ, ತಲೆ ತಿರುಗಿಸಿದಳು. ಕೈ ಚಾಚಿ ಎಳೆಯಲು ನೋಡಿದಳು. ಹಿಡಿಗೆ ಏನೂ ಸಿಗಲಿಲ್ಲ, ಅಂಗೈ ಕಪ್ಪಾಯಿತು. ಆ ಕೈಯನ್ನು ಬಿಳಿ ಹೆಲ್ಮೆಟ್ಟಿಗೆ ಒರೆಸಿಕೊಂಡು ಕೇಕೆ ಹಾಕಿದಳು.

ಅಂದಿನಿಂದ ಬೆಳಿಗ್ಗೆ ಒಂದು ಮೀಸೆ, ಸಂಜೆ ಒಂದು ಮೀಸೆ. ಹೊರಗೆ ಹೋಗುವಾಗ ಮಾತ್ರ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದ. ಸುನೀಲ್ ಕುಮಾರ ಫೋಟೊ ತೆಗೆಯಲು ಬಂದು ಬೈಸಿಕೊಂಡ.

ಮುಂದಿನ ತಪಾಸಣೆಗೆ ಮರಿಯಪ್ಪ ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡು ಸೊಸೆಯ ಜೊತೆ ಚಾಮರಾಜನಗರಕ್ಕೆ ಹೋದ. ತುಟಿಯ ಮೇಲೆ ನಿಜವಾದ ಮೀಸೆ ಮೊಳಕೆ ಒಡೆದಿತ್ತು, ಅದೂ ಬಣ್ಣವಿಲ್ಲದೆ ಅಚ್ಚ ಬೆಳ್ಳಗೆ. ತಹಸೀನ್ ಮೇಡಂ ಪುಟ್ಟಿಯ ಹೆಲ್ಮೆಟ್ ತೆಗೆದು, “ಎಲ್ಲಿ, ಎಡಕ್ಕೆ ತಿರುಗಲಿ ನೋಡೋಣ,” ಎಂದರು. ಕೋಣೆಯಲ್ಲಿ ಮಕ್ಕಳನ್ನು ಎತ್ತಿಕೊಂಡ ಐದಾರು ಜನ, ಕಲಿಯಲು ಬಂದ ಮೂವರು ಹುಡುಗಿಯರು. ಹೊಸ ಮುಖಗಳಿಗೆ ಹೆದರಿ ಪುಟ್ಟಿ ಬಲಕ್ಕೆ ತಿರುಗಿದವಳು ಅಲ್ಲಾಡಲಿಲ್ಲ. ಮೇಘನಾ ಕರೆದಳು. ಮೇಡಂ ಗಿಲಕಿ ಆಡಿಸಿದರು.

“ಮನೇಲಿ ತಿರುಗ್ತಾಳೆ ಮೇಡಂ,” ಮೇಘನಾಳ ದನಿ ಅಳುವಂತಾಗಿತ್ತು.

“ಮನೇಲಿ ಮಾಡಿದ್ದು ನನಗೆ ಗೊತ್ತಾಗಲ್ಲವಲ್ಲಮ್ಮ.”

ಮರಿಯಪ್ಪ ಕೋಣೆಯನ್ನೊಮ್ಮೆ ನೋಡಿದ. ಜೇಬಿನಿಂದ ಕಾಡಿಗೆ ಡಬ್ಬಿ ತೆಗೆದು, ಕನ್ನಡಿಯಿಲ್ಲದೆಯೇ ಬರೆದುಕೊಂಡ. ಒಂದು ಕಡೆ ಕಿವಿಯವರೆಗೆ ಹೋಯಿತು, ಇನ್ನೊಂದು ಕಡೆ ಕೆನ್ನೆಯಲ್ಲೇ ನಿಂತಿತು. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಎಡಕ್ಕೆ ಬಂದು ಬಗ್ಗಿ, “ಪುಟ್ಟೀ” ಎಂದ.

ಪುಟ್ಟಿ ತಿರುಗಿದಳು. ಗದ್ದ ಎಡಭುಜಕ್ಕೆ ಬಂದು ಕೂತಿತು.

ಮೇಡಂ ನಗಲಿಲ್ಲ. ಟೇಪು ಹಿಡಿದು ಎರಡೆರಡು ಸಲ ಅಳೆದರು. “ಸರಿಯಾದ ದಾರಿಗೆ ಬಂದಿದೆ. ಇದನ್ನೇ ಮುಂದುವರಿಸಿ ತಾತ,” ಎಂದರು. ಮೇಘನಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಂಡ್ಲುಪೇಟೆ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಕೂತ ಸೊಸೆಯ ಎಡಕ್ಕೆ ಮರಿಯಪ್ಪ ಕೂತ. ಪರಿಚಯದ ಕಂಡಕ್ಟರು ಟಿಕೆಟ್ ಹರಿಯುವುದನ್ನೇ ಮರೆತು ನಿಂತ. ಹಿಂದಿನ ಸೀಟಿನಿಂದ ಯಾರೋ ಕಿಸಕ್ಕೆಂದರು. ಮೇಘನಾ ಮಾವನ ಹೆಗಲ ಮೇಲಿದ್ದ ಟವೆಲ್ ತೋರಿಸಿ ಮೆಲ್ಲಗೆ ಹೇಳಿದಳು:

“ಮಾವ, ಒರೆಸ್ಕಬುಡಿ. ಎಲ್ಲ ನೋಡ್ತಾವ್ರೆ.”

“ನೋಡ್ಲಿ ಬುಡವ್ವ,” ಎಂದ ಮರಿಯಪ್ಪ, ಪುಟ್ಟಿಯ ಕೈಗೆ ಎಟಕುವಂತೆ ಮುಖ ಬಗ್ಗಿಸಿ. “ತೆರಕಣಾಂಬಿ ಬರೋಗಂಟ ಅವ್ಳು ಈ ಕಡೀಕೇ ತಿರುಗ್ಕಂಡಿರ್ಲಿ.”