ಅಧ್ಯಕ್ಷರ ಅಪ್ಪಣೆ

“ಆ ಕಾಲ್ ಮಣ್ಣ ಆಚೆ ಒರಸ್ಕಂಡ್ ಬಾರಮ್ಮಿ! ಗಬ್ಬು ಮೆತ್ಕಂಡು ಸಭೆ ಮಾಡಾಕ್ ಬಂದವ್ಳೆ. ಥೂ, ಏನ್ ಗಾಚಾರ ಕಣಯ್ಯ ನಮ್ದು!”

ನಮ್ಮ ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷ ಶಿವಲಿಂಗಯ್ಯನವರು ಅಧ್ಯಕ್ಷೆ ಚಿಕ್ಕತಾಯಮ್ಮನನ್ನು ಅಂದಿನ ಸಭೆಗೆ ಸ್ವಾಗತಿಸಿದ್ದು ಹೀಗೆ. ಸಿಟಿ ಬಸ್ಸು ಹಿನಕಲ್ ದಾಟಿ ನಮ್ಮೂರಿಗೂ ಬರತೊಡಗಿದ ಮೇಲೆ ಅವರ ಹೊಲಗಳೆಲ್ಲ ಬಡಾವಣೆಗಳಾಗಿದ್ದವು. ಅಲ್ಲಿ ಜಲ್ಲಿ ಹೊರುವವಳು ಚಿಕ್ಕತಾಯಮ್ಮ. ಮೀಸಲಾತಿ ಬಂದಾಗ ಅವಳನ್ನು ಅಧ್ಯಕ್ಷೆ ಮಾಡಿದವರು ಅವರೇ. ‘ಅಧ್ಯಕ್ಷರೇ’ ಎಂದು ಯಾರಾದರೂ ಕೂಗಿದರೆ ಓಗೊಡುತ್ತಿದ್ದವರೂ ಅವರೇ.

ಕಾಲಿನ ಮಣ್ಣು ನಮ್ಮ ಕೇರಿಯ ಸ್ಮಶಾನದ್ದು. ಹಿಂದಿನ ದಿನ ಅವಳ ಮಾವ ಹುಚ್ಚಣ್ಣ ತೀರಿಕೊಂಡಿದ್ದ. ಗುಂಡಿ ತೋಡಲು ಹೋದ ನಮಗೆ ಸಿಕ್ಕಿದ್ದು ಹೊಸ ತಂತಿಬೇಲಿ. ಒಳಗೆ ಜೆಸಿಬಿ ನಮ್ಮ ಅಪ್ಪ ಅವ್ವಂದಿರನ್ನೆಲ್ಲ ಅಚ್ಚುಕಟ್ಟಾಗಿ ಮಟ್ಟ ಮಾಡಿತ್ತು. ನಾವು ಸತ್ತವರನ್ನು ಕೂರಿಸಿ ಹೂಳುವವರು. ಹುಚ್ಚಣ್ಣನನ್ನು ಕೂರಿಸಿ ಹಗ್ಗ ಬಿಗಿದು, ಎಲ್ಲಿಗೆ ಹೊರುವುದೆಂದು ತಿಳಿಯದೆ, ಪಂಚಾಯಿತಿ ಆಫೀಸಿನ ಹೊಂಗೆ ಮರಕ್ಕೆ ಒರಗಿಸಿದ್ದೆವು. ನಾವು ಕಿಟಕಿಗೆ ಒರಗಿದ್ದೆವು.

ಟೀ ಬಂತು. ಎಲ್ಲರಿಗೂ ಗಾಜಿನ ಲೋಟ, ಅಧ್ಯಕ್ಷರಿಗೆ ಮಾತ್ರ ಪ್ಲಾಸ್ಟಿಕ್ಕಿನದು. ಕಾರ್ಯದರ್ಶಿ ಓದತೊಡಗಿದ: “ಮಾನ್ಯ ಅಧ್ಯಕ್ಷರ ಅಪ್ಪಣೆಯ ಮೇರೆಗೆ, ಸದರಿ ಸ್ಮಶಾನದ ಜಾಗದಲ್ಲಿ ಬಡಾವಣೆ ನಿವಾಸಿಗಳ ಆರೋಗ್ಯಕ್ಕಾಗಿ ಉದ್ಯಾನವನ...”

“ನಾನ್ಯಾವಾಗ ಅಪ್ಪಣೆ ಕೊಟ್ಟೆ ಸ್ವಾಮಿ?”

“ಅಂಗ್ ಬರಿಯೋದು ಪದ್ಧತಿ ಕಣಮ್ಮ. ಅಧ್ಯಕ್ಷರ ಅಪ್ಪಣೆ ಇಲ್ದೆ ಇಲ್ಲಿ ಏನೂ ನಡಿಯಲ್ಲ.”

ಅವಳು ಶಿವಲಿಂಗಯ್ಯನವರತ್ತ ತಿರುಗಿದಳು. “ಬುದ್ಧಿ, ಪಾರ್ಕು ಮಾಡ್ಕಳಿ. ಇದೊಂದ್ ಹೆಣಕ್ ಮಾತ್ರ ಜಾಗ ಬುಡಿ. ಮೂಲೇಲಿ, ನಮ್ಮತ್ತೆ ಪಕ್ಕ.”

“ನಿಮ್ಮತ್ತೆ ಅಲ್ಲೇನು ಕಾರ್ನರ್ ಸೈಟ್ ಬುಕ್ ಮಾಡಿದ್ಲಾ?”

ಸದಸ್ಯರು ಟೀ ಚೆಲ್ಲುವ ಹಾಗೆ ನಕ್ಕರು.

“ಇಲವಾಲದ್ ಆಚೆ ಗೋಮಾಳ ಅದೆ. ಎತ್ಕಂಡೋಗ್ರಿ.”

“ಅಲ್ಲಿಯೋರು ಬುಡ್ತಾರಾ ಬುದ್ಧಿ? ನೆನ್ನೆ ಸತ್ತೋರು, ಊದ್ಕತಾವ್ರೆ. ನಿಮ್ ಕಾಲ್ ಹಿಡ್ಕತೀನಿ.”

ಹಿಡಿದೇಬಿಟ್ಟಳು. ಶಿವಲಿಂಗಯ್ಯನವರು ಬೆಂಕಿ ತಗುಲಿದವರಂತೆ ಕಾಲೆಳೆದುಕೊಂಡರು. ಅವಳ ಕೈಯಲ್ಲಿ ಚಪ್ಪಲಿಯಷ್ಟೇ ಉಳಿಯಿತು.

“ಮುಟ್ ಬ್ಯಾಡ್ವೇ ಮುಂಡೆ, ಸೂತಕದ್ ಕೈ! ಏಳ್ರಯ್ಯ, ಸಭೆ ಮುಗೀತು.”

ಚಿಕ್ಕತಾಯಮ್ಮ ಚಪ್ಪಲಿಯನ್ನು ಟೀ ಲೋಟಗಳ ನಡುವೆ, ಮೇಜಿನ ಮೇಲೆ ಇಟ್ಟಳು.

“ಮುಗ್ದಿಲ್ಲ. ಸೆಕ್ರೆಟ್ರಿ ಸ್ವಾಮಿ, ಬರ್ಕಳಿ. ನಮ್ಮಾವನ್ನ ಇಲ್ಲೇ, ಬಾವುಟದ್ ಕಂಬದ್ ಮುಂದ್ಗಡೆ ಮಣ್ ಮಾಡ್ತೀವಿ.”

ಹೊರಗೆ ಬಂದವಳೇ ನಮ್ಮ ಕೇರಿಯ ಸಿದ್ದಪ್ಪಾಜಿಯ ಕೈಯಿಂದ ಹಾರೆ ಕಿತ್ತುಕೊಂಡು ಕಂಬದ ಮುಂದೆ ನೆಲ ಅಗೆಯತೊಡಗಿದಳು. ನಾವು ನಿಂತಲ್ಲೇ ನಿಂತೆವು. ಹೋರಾಟದ ಹಾಡುಗಳೆಲ್ಲ ನಮಗೆ ಬಾಯಿಪಾಠವಿದ್ದವು. ಕಾಲು ಮಾತ್ರ ಮುಂದೆ ಬರಲಿಲ್ಲ.

“ಏನ್ರೋ, ಇಲ್ಲಿ ಹೆಣ ಅವ್ರೊಬ್ರೇನಾ, ನೀವೆಲ್ರೂವಾ?” ಎಂದಳು.

ಮೊದಲು ಸಿದ್ದಪ್ಪಾಜಿ ಅಗೆಯಲು ಇಳಿದ. ಆಮೇಲೆ ನಾವು. ಗುಂಡಿ ಎದೆಮಟ್ಟಕ್ಕೆ ಬರುವ ಹೊತ್ತಿಗೆ ಪೊಲೀಸ್ ಜೀಪು ಬಂತು.

“ಇದಕ್ಕೆ ಪರ್ಮಿಷನ್ ಕೊಟ್ಟೋರು ಯಾರ್ರೀ?” ಇನ್ಸ್‌ಪೆಕ್ಟರ್ ಕೇಳಿದರು.

ಶಿವಲಿಂಗಯ್ಯನವರು ಒಂಟಿ ಚಪ್ಪಲಿಯಲ್ಲೇ ಮುಂದೆ ಬಂದು ಗುಂಡಿಯತ್ತ ಕೈ ತೋರಿಸಿದರು. “ಅವರೇ ಸಾರ್. ನಮ್ಮ ಅಧ್ಯಕ್ಷರು.”

ಆ ಪದವಿಯನ್ನು ಅವರು ಅವಳಿಗೆ ಒಪ್ಪಿಸಿದ್ದು ಅದೇ ಮೊದಲು.

“ಎಳ್ಕೊಂಡ್ ಬನ್ರೋ ಅವಳನ್ನ!” ಇನ್ಸ್‌ಪೆಕ್ಟರ್ ಪೇದೆಗಳಿಗೆ ಕೂಗಿದರು.

ಚಿಕ್ಕತಾಯಮ್ಮ ಹಾರೆಯನ್ನು ಮೇಲಕ್ಕೆಸೆದು, ಗುಂಡಿಯೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

“ನಮ್ಮಾವನ್ನ ಇಳಿಸ್ರೋ. ನನ್ ತೊಡೆ ಮ್ಯಾಲೆ ಇಳಿಸಿ. ಆಮ್ಯಾಕೆ ಅದ್ಯಾವನ್ ಎಳೀತಾನೋ ಎಳೀಲಿ.”

ನಾವು ಮೇಲೆ ಹತ್ತಿ, ಹುಚ್ಚಣ್ಣನನ್ನು ಗುಂಡಿಯಂಚಿಗೆ ತಂದು ಎತ್ತಿದೆವು. ಪೇದೆಗಳು ಲಾಠಿ ಎತ್ತಿದರು. ಹೆಣದ ಕುತ್ತಿಗೆ ಅವರತ್ತ ವಾಲಿತು. ಕೆಳಗೆ, ಮಣ್ಣು ಜಾರುತ್ತಿದ್ದ ಗುಂಡಿಯಿಂದ, ಎರಡು ಕೈಗಳು ಮೇಲಕ್ಕೆ ಚಾಚಿಕೊಂಡೇ ಇದ್ದವು.