ಆಫಿಬ ಕುಡಿದ ಆಣೆ

ತಮ್ಮ ಪೊಬೊಸಿ ಆಣೆಯ ನೀರು ಕುಡಿಯಲು ಒಪ್ಪಿದನೆಂದು ಕೇಳಿ ಆಫಿಬ ಅವನ ಮನೆಗೆ ಓಡಿದಳು. ತಪನಹೋನಿ ಹೊಳೆಯ ಜನಕ್ಕೆ ಗೊತ್ತಿಲ್ಲದ್ದೇನಲ್ಲ, ಸುಳ್ಳು ಹೇಳಿ ಆ ನೀರು ಕುಡಿದರೆ ದೇವರು ಕುಡಿದವನನ್ನೇ ಹಿಡಿಯಬೇಕೆಂದಿಲ್ಲ. ಅವನ ತಾಯಿಯ ಕಡೆಯ ಸಂತಾನದ ಬಳ್ಳಿಯಲ್ಲಿ ಎಳೆಯದು ಯಾವುದೋ ಅದನ್ನೇ ಮೊದಲು ಚಿವುಟುತ್ತದೆ. ಈಗ ಎಳೆಯದೆಂದರೆ ಆಫಿಬಳ ಮಗಳು ಲೋಮಿಯ ಹೊಟ್ಟೆಯಲ್ಲಿದ್ದ ಕೂಸು.

ಆರೋಪವೇನು ಸಣ್ಣದೇ? ಅಮೈಸಿ ಚಿನ್ನದ ಗಣಿಗೆ ಹೋಗಿದ್ದಾಗ ಅವನ ಹೆಂಡತಿ ಬೋಬಿಯ ಹತ್ತಿರ ಪೊಬೊಸಿ ಹೋಗುತ್ತಿದ್ದನಂತೆ. ಒಪ್ಪಿಕೊಂಡರೆ ಗಂಡನ ಕಡೆಯವರ ಕೈಲಿ ಏಟು ತಿನ್ನಬೇಕು, ಅಷ್ಟೇ. ಏಟು ವಾಸಿಯಾಗುತ್ತದೆ.

“ನಿನ್ನ ದಮ್ಮಯ್ಯ, ಏಟು ತಿಂದ್ಬಿಡೋ,” ಎಂದಳು ಆಫಿಬ.

“ಮಾಡ್ದೇ ಇರೋದಕ್ಕೆ ಯಾಕೆ ತಿನ್ಲಿ? ನಾನಲ್ಲ ಅಕ್ಕ. ಇನ್ನೇನೂ ಕೇಳ್ಬೇಡ.”

“ನಿನ್ನ ದೋಣಿ ಅವಳ ಕಡವಿನಿಂದ ಬರೋದನ್ನ ಈ ಕಣ್ಣಲ್ಲೇ ನೋಡಿದೀನಿ ಕಣೋ!”

ಅವನು ಹಲ್ಲು ಕಿರಿದ. “ದೋಣಿ ತಾನೇ? ಹಾಗಾದ್ರೆ ದೋಣಿಗೇ ಹೊಡೀಲಿ ಬಿಡು.”

ಹುಟ್ಟಿದಾಗಿನಿಂದ ಇವನದು ಇದೇ ಆಟ, ನಗಿಸಿ ಜಾರಿಕೊಳ್ಳುವುದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸತ್ತ ಹಿರಿಯರಿಗೆಂದು ನೆಟ್ಟ ಕಂಬದ ಮುಂದೆ ಊರು ನೆರೆಯಿತು. ಊರ ಯಜಮಾನ ಬಿಳಿಜೇಡಿ ಕಲಸಿದ ಆಣೆಯ ನೀರನ್ನು ಸೋರೆಬುರುಡೆಯಲ್ಲಿ ಹಿಡಿದಿದ್ದ. ಅವನ ಒಂದೊಂದು ಮಾತಿಗೂ ಪಕ್ಕದ ಮುದುಕ “ಹೌದಪ್ಪ, ಹಾಗೇ” ಎನ್ನುತ್ತಿದ್ದ. ಪೊಬೊಸಿ ಕೈ ಚಾಚಿದ್ದೇ ತಡ, ಆಫಿಬ ಎದ್ದು ನಿಂತಳು.

“ಅವನಿಗೆ ಕೊಡ್ಬೇಡಿ! ಅವನೇ ಮಾಡಿದ್ದು. ಬೆಳಗಿನ ಮಂಜಲ್ಲಿ ಅವಳ ಮನೆಯಿಂದ ಬರೋದನ್ನ ನಾನೇ ಕಂಡಿದೀನಿ.”

ಯಜಮಾನ ಬುರುಡೆಯನ್ನು ಹಿಂದಕ್ಕೆ ಎಳೆದುಕೊಂಡ.

“ಒಡಹುಟ್ಟಿದವನ ಮೇಲೆ ಬಾಯಿ ಬಿಟ್ಟಿದೀಯ ತಾಯಿ,” ಎಂದ ಯಜಮಾನ. “ಹಾಗಾದ್ರೆ ನೀನೇ ಕುಡಿ. ಕಂಡಿದ್ದು ಅವನನ್ನೇ ಅಂತ ಹೇಳಿ ಕುಡಿ.”

“ಹೌದಪ್ಪ, ಹಾಗೇ,” ಎಂದ ಮುದುಕ.

“ಬೇಡ ಅಕ್ಕಾ!” ಪೊಬೊಸಿ ಕಿರುಚಿದ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ. ಸಿಕ್ಕಿಬಿದ್ದವನ ಹೆದರಿಕೆ ಅದು, ಎಂದುಕೊಂಡಳು ಆಫಿಬ. “ಕಂಡಿದ್ದು ಅವನನ್ನೇ,” ಎಂದವಳೇ ಗಟಗಟನೆ ಕುಡಿದಳು. ಸದ್ಯ, ಕೂಸು ಉಳಿಯಿತು ಎಂದು ಉಸಿರು ಬಿಟ್ಟಳು.

ಅಮೈಸಿಯ ಅಣ್ಣತಮ್ಮಂದಿರು ದೋಣಿಯ ಹುಟ್ಟುಗಳನ್ನು ಹಿಡಿದು ಪೊಬೊಸಿಯ ಮೇಲೆ ಬಿದ್ದರು. ಅವನು ತಲೆ ಮುಚ್ಚಿಕೊಂಡು ಮುದುಡಿದ. ಮೂಳೆ ಮುರಿದ ಸದ್ದು ಕೇಳಿದ್ದೇ ಬೋಬಿ ಹುಚ್ಚಿಯ ಹಾಗೆ ನುಗ್ಗಿ ಬಂದಳು.

“ಬಿಡ್ರೋ, ಸತ್ತೋಗ್ತಾನೆ! ದೋಣಿ ಇವಂದು, ಬರ್ತಿದ್ದೋನು ಇವನಲ್ಲ! ಕ್ವೇದಿ ಬರ್ತಿದ್ದ, ಇವನ ದೋಣಿ ಇಸ್ಕೊಂಡು!”

ಎಲ್ಲರೂ ತಿರುಗಿ ನೋಡಿದರು. ಪೊಬೊಸಿಯ ಜೊತೆ ಬೇಟೆಗೆ ಹೋಗುತ್ತಿದ್ದ ಕ್ವೇದಿ ಆಗಲೇ ಹೊಳೆಯ ಕಡೆ ಓಡುತ್ತಿದ್ದ.

ಅಯ್ಯೋ, ಆ ಮಂಜಿನಲ್ಲಿ ಅವಳು ಮುಖವನ್ನೆಲ್ಲಿ ನೋಡಿದ್ದಳು! ಆಫಿಬ ಗಂಟಲಿಗೆ ಬೆರಳು ತುರುಕಿಕೊಂಡಳು. ಓಕರಿಕೆ ಬಂತು, ಜೊಲ್ಲು ಬಂತು, ನೀರು ಬರಲಿಲ್ಲ. ಯಜಮಾನ ಅವಳ ಕಡೆ ನೋಡಲಾರದೆ ಬುರುಡೆಯನ್ನು ಕೆಳಗಿಟ್ಟ.

ಲೋಮಿ ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಬಂದು ತಾಯಿಯ ಬೆನ್ನು ಸವರಿದಳು. “ಯಾಕವ್ವಾ, ಏನಾಯ್ತು?”

ಆಫಿಬ ಆ ಕೈಯನ್ನು ಕೊಡವಿ ಹಿಂದೆ ಹಿಂದೆ ಸರಿದಳು. “ದೂರ ಹೋಗೇ. ನನ್ನ ಮುಟ್ಬೇಡ.”