ಆಷಾಢದಲ್ಲೊಂದು ಮದುವೆ

ಮೊದಲ ಸಲ ಆ ಫೋನು ಬಂದಾಗ ನಾನು ಜಂಬಕ್ಕನ ಜೋಳ ಬೀಸುತ್ತಿದ್ದೆ. ಹಿರೇಹಡಗಲಿಯ ನಮ್ಮ ಹಿಟ್ಟಿನ ಗಿರಣಿ ಓಡುತ್ತಿರುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಫೋನಿಗೆ ಹಿಟ್ಟು ಕೂರಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತೇನೆ. ಬೆಳಕು ಹತ್ತಿದ್ದು ಕಣ್ಣಿಗೆ ಬಿದ್ದರೆ ಮಾತ್ರ ಕರೆ ಬಂದದ್ದು ಗೊತ್ತು. ಮೋಟಾರು ಆರಿಸಿದೆ. ಕಲ್ಲು ತಿರುಗಿ ತಿರುಗಿ ನಿಂತಿತು.

“ಶಾಂಭವಿ ಅದಾರೇನ್ರಿ?” ಹುಡುಗನ ದನಿ.

“ಯಾರು ನೀವು?”

“ನರ್ಸಿಂಗ್ ಕಾಲೇಜಿಂದ್ರಿ. ಅವ್ರಿಗೆ ಸ್ವಲ್ಪ ಫೋನ್ ಕೊಡ್ತೀರಾ?”

“ನಾನು ಆಕಿ ಅಣ್ಣ. ಏನೈತಿ, ನನಗ ಹೇಳ್ರಿ.”

“ಅವ್ರ ಕೂಡನ ಮಾತಾಡಬೇಕ್ರಿ. ಮತ್ತ ಮಾಡ್ತೀನಿ,” ಎಂದು ಇಟ್ಟುಬಿಟ್ಟ.

“ಫೋನ್ ಬಂತಂದ್ರ ಗಿರಣಿನ ನಿಲ್ಲಿಸ್ತಿಯಲ್ಲಪಾ ಗವಿ,” ಎಂದಳು ಜಂಬಕ್ಕ. “ಹೆಣ್ಣು ಗಿಣ್ಣು ನೋಡ್ಯಾರೇನು?”

ಮೋಟಾರು ಹಾಕಿದೆ.

ಶಾಂಭವಿ ನನ್ನ ತಂಗಿ. ಪಿಯುಸಿ ಸೈನ್ಸಿನಲ್ಲಿ ಎಂಬತ್ತನಾಲ್ಕು ಪರ್ಸೆಂಟ್ ತೆಗೆದಿದ್ದಳು. ಹಗರಿಬೊಮ್ಮನಹಳ್ಳಿಯ ಹೊರಗಿರುವ ವಿಶ್ವವಿದ್ಯಾಲಯದ ನರ್ಸಿಂಗ್ ಕಾಲೇಜಿಗೆ, ನಾಲ್ಕು ವರ್ಷದ ಡಿಗ್ರಿಗೆ, ಅರ್ಜಿ ಹಾಕಿದ್ದಳು. ಬೇರೆಲ್ಲಿಗೂ ಹಾಕಿರಲಿಲ್ಲ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೂರನೆಯವಳಾಗಿ ಉಳಿದಳು. ಅರ್ಜಿ ತುಂಬಿಸಿದ್ದು ನಮ್ಮ ತಾಲೂಕಿನ ಊರು ಹಡಗಲಿಯಲ್ಲಿ, ನನ್ನ ಗೆಳೆಯ ಸರ್ಫರಾಜನ ಕಂಪ್ಯೂಟರ್ ಅಂಗಡಿಯಲ್ಲಿ. ಅದರಲ್ಲಿ ಕೊಟ್ಟಿದ್ದು ನನ್ನ ನಂಬರು. ಅವಳ ಹತ್ತಿರ ಫೋನಿರಲಿಲ್ಲ. ಬೇಡ ಎಂದವನು ನಾನೇ. ಅಪ್ಪ ಹೊಲದ ಮನುಷ್ಯ, ಓದಿನ ಸಂಗತಿಯನ್ನೆಲ್ಲ ಬಿ.ಎ. ಮಾಡಿದ ಮಗನಿಗೆ ಬಿಟ್ಟಿದ್ದ.

ಎರಡನೇ ಪಟ್ಟಿ ಕಾಲೇಜಿನ ವೆಬ್‌ಸೈಟಿನಲ್ಲಿ ಬರುತ್ತದೆ ಎಂದೇ ನಾನು ತಿಳಿದಿದ್ದೆ. ದಿನಾ ಸರ್ಫರಾಜನನ್ನು ಕೇಳುತ್ತಿದ್ದೆ, ಅವನು ದಿನಾ ಇಲ್ಲ ಎನ್ನುತ್ತಿದ್ದ.

ಫಲಿತಾಂಶ ಬಂದಾಗಿನಿಂದ ಎಲ್ಲೆಲ್ಲಿಯ ಕಾಲೇಜುಗಳ ಏಜೆಂಟರೂ ಫೋನು ಮಾಡಿದ್ದರು. ಎಲ್ಲರೂ ಹೇಳುವುದು ಅದನ್ನೇ: ಕಾಲೇಜಿನಿಂದ. ಆದರೆ ಏಜೆಂಟರು ಎಂದೂ ಹುಡುಗಿಯನ್ನು ಕೇಳುವುದಿಲ್ಲ. ಅವರಿಗೆ ಅಪ್ಪ ಬೇಕು, ಇಲ್ಲವೇ ಅಣ್ಣ. ಮನೆಯ ಗಂಡಸು ಸಿಕ್ಕರೆ ಅರ್ಧ ಗಂಟೆ ಬಿಡುವುದಿಲ್ಲ. ಇವನು ಗಂಡಸಿನ ದನಿ ಕೇಳಿದೊಡನೆ ಇಟ್ಟುಬಿಟ್ಟ. ಮೇಲಾಗಿ ನಮ್ಮ ಕಡೆಯದೇ ಮಾತು. ಆಫೀಸಿನ ನಂಬರಲ್ಲ, ಮೊಬೈಲು. ಮಂಗಳವಾರ ಮತ್ತೆ ಮಾಡಿದ. ಬುಧವಾರ ಎರಡು ಸಲ. ಪ್ರತಿ ಸಲವೂ ಅದೇ ಮಾತು, ಅವ್ರ ಕೂಡನ ಮಾತಾಡಬೇಕ್ರಿ.

ಯಾರ ನಂಬರೆಂದು ತೋರಿಸುವ ಆ್ಯಪಿನಲ್ಲಿ ಹಾಕಿ ನೋಡಿದೆ. ಪ್ರವೀಣಕುಮಾರ್. ಬೈಕಿನ ಮೇಲೆ ಕೂತ ಫೋಟೋ, ಕಪ್ಪು ಕನ್ನಡಕ.

ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವುದು ಕಡಿಮೆ, ಗಮನಿಸುವುದು ಜಾಸ್ತಿ. ಅವ್ವ ಸಿಟ್ಟಾದರೆ ಪಾತ್ರೆಯ ಸದ್ದಿನಿಂದ ತಿಳಿಯಬೇಕು. ನಾನು ತಂಗಿಯನ್ನು ಗಮನಿಸತೊಡಗಿದೆ. ನಾನು ಗಿರಣಿಯಿಂದ ಮನೆಗೆ ಹೋಗಿ ಕೈಕಾಲು ತೊಳೆಯುವ ಮೊದಲೇ ಅವಳು ಬಾಗಿಲಿಗೆ ಬರುತ್ತಿದ್ದಳು.

“ಅಣ್ಣ, ಯಾರರ ಫೋನ್ ಮಾಡಿದ್ರೇನು?”

“ಯಾರು ಮಾಡಬೇಕಿತ್ತು?”

“ಯಾರಿಲ್ಲ. ಸುಮ್ನ ಕೇಳಿದೆ.”

“ಯಾರೂ ಮಾಡಿಲ್ಲ.”

ಅವಳ ಮುಖ ಸಣ್ಣಗಾಗುತ್ತಿತ್ತು. ಅದನ್ನು ನಾನು ಸಾಕ್ಷಿಯೆಂದು ಎಣಿಸಿಕೊಂಡೆ. ಬುಧವಾರ ಅವಳು ನೀರಿಗೆ ಹೋದಾಗ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಬಯಾಲಜಿಯ ಚಿತ್ರಗಳು, ಹೃದಯದ ನಾಲ್ಕು ಕೋಣೆ. ಕೊನೆಯ ಹಾಳೆಯಲ್ಲಿ ಒಂದೇ ನಂಬರನ್ನು ಮೇಲಿಂದ ಕೆಳಗೆ ಇಪ್ಪತ್ತು ಸಲ ಬರೆದಿದ್ದಳು. ಹನ್ನೊಂದು ಅಂಕಿ, ಮೊದಲನೆಯದು ಸೊನ್ನೆ. ಹಿತ್ತಲಿಗೆ ಹೋಗಿ ಆ ನಂಬರಿಗೆ ಫೋನು ಹಚ್ಚಿದೆ. ಅಂಥ ನಂಬರೇ ಇಲ್ಲ ಎಂದಿತು. ಒಂದಂಕಿ ಬೇಕೆಂದೇ ತಪ್ಪು ಬರೆದಿದ್ದಾಳೆ ಎಂದುಕೊಂಡೆ.

ಸರ್ಫರಾಜನಿಗೆ ಎಲ್ಲ ಹೇಳಿದೆ.

“ಲೇ ಗವಿ, ನೀನು ಸಿಐಡಿ ಆಗಬೇಕಿತ್ತಲೇ, ಗಿರಣಿ ಯಾಕ ಹಿಡದಿ?” ಎಂದು ನಕ್ಕ. “ಆಕಿನ್ನ ಕೇಳು, ಮುಗೀತು.”

“ಕೇಳಿದ್ರ ಹುಷಾರಾಗ್ತಾಳ.”

“ಆಗ್ಲಿ ಬಿಡು. ನರ್ಸ್ ಆಗಾಕಿ ಹುಷಾರಿರಬೇಕು.”

ನಾನು ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಐದನೇ ಸಲ ಬಂತು. ಆಷಾಢದ ಗಾಳಿಗೆ ಗಿರಣಿಯ ತಗಡು ಬಡಿದುಕೊಳ್ಳುತ್ತಿತ್ತು. ಜಂಬಕ್ಕ ಡಬ್ಬಿ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ಮೋಟಾರು ಆರಿಸಿ, ಕಲ್ಲು ಪೂರ್ತಿ ನಿಲ್ಲುವವರೆಗೆ ಕಾದೆ.

“ಇವತ್ತ ಮಾತಾಡಬೇಕಿತ್ರಿ,” ಎಂದ ಅವನು. “ಇವತ್ತ ಕೊನಿ.”

ಕೊನಿ ಎಂಬ ಆ ಮಾತು ನನಗೆ ಬೆದರಿಕೆಯಂತೆ ಕೇಳಿಸಿತು.

“ನೋಡಪ್ಪ, ಶಾಂಭವಿದು ಮದಿವಿ ಆತು,” ಎಂದೆ. “ಗಂಡನ ಮನಿಗೆ ಹೋಗ್ಯಾಳ. ಇನ್ನೊಮ್ಮಿ ಈ ನಂಬರಿಗೆ ಮಾಡಬ್ಯಾಡ.”

ಅವನ ಹಿಂದೆ ಫ್ಯಾನು ತಿರುಗುವ ಸದ್ದು, ಯಾರೋ ಹಾಳೆ ಮಗುಚುವ ಸದ್ದು.

“ಎಂದಾತ್ರಿ?”

“ಹ್ವಾದ ವಾರ.”

ಇಟ್ಟ. ನನಗೆ ಹಗುರವಾಯಿತು; ಅದನ್ನು ಮುಚ್ಚಿಡುವುದಿಲ್ಲ. ಅವನು ಸುಮ್ಮನಾದದ್ದನ್ನು ನೆನೆದು ಒಳಗೊಳಗೇ ಗೆದ್ದವನಂತೆ ಇದ್ದೆ.

“ಶಾಂಭವಿದು ಮದಿವಿನಾ?” ಜಂಬಕ್ಕ ಕತ್ತು ಚಾಚಿದಳು. “ನಮಗ ಊಟಕ್ಕರ ಹೇಳಬಾರದಾ?”

“ಏನಿಲ್ಲ ಜಂಬಕ್ಕ. ಕಂಪನಿಯವ್ರು ಸುಮ್ನ ಕಾಡ್ತಾರ, ಅದಕ್ಕ ಹಂಗಂದೆ.”

ಜಂಬಕ್ಕನ ಮನೆ ನಮ್ಮ ಮನೆಯಿಂದ ಮೂರನೆಯದು. ಹಿಟ್ಟಿನ ಡಬ್ಬಿ ಹೊತ್ತು ಹೋಗುತ್ತ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಶಾಂಭವಿಯನ್ನು ನೋಡಿ, “ಏನವಾ, ಗಂಡನ ಮನಿ ಹೆಂಗೈತಿ?” ಎಂದು ಕೇಳಿದಳಂತೆ.

ಸಂಜೆ ನಾನು ಹೋದಾಗ ಅವಳು ಬಾಗಿಲಿಗೆ ಬರಲಿಲ್ಲ. ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಯಾರಿಗೆ ಹೇಳಿದಿ, ನನಗ ಮದಿವಿ ಆತಂತ?”

“ಪ್ರವೀಣಕುಮಾರ್ ಯಾರು?” ಎಂದೆ ನಾನು.

“ಯಾವ ಪ್ರವೀಣಕುಮಾರ್?”

“ನಾಕು ದಿನದಿಂದ ನಿನ್ನ ಕೇಳಾಕತ್ತಾನ. ನಿನ್ನ ಕೂಡನ ಮಾತಾಡಬೇಕಂತ.”

ಅವಳು ನನ್ನನ್ನು ನೋಡುತ್ತ ನಿಂತಳು. ಆಡುತ್ತಿದ್ದಾಳೆ, ಹೆಸರು ಗೊತ್ತಿಲ್ಲದವಳ ಹಾಗೆ ಆಡುತ್ತಿದ್ದಾಳೆ ಎಂದು ಆಗಲೂ ಅನ್ನಿಸಿತು. ಅವಳು ಕೈ ಚಾಚಿದಳು. ಫೋನು ಕೊಟ್ಟೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಆ ನಂಬರಿಗೆ ಹಚ್ಚಿದಳು.

“ನಾನು ಶಾಂಭವಿ ಮಾತಾಡಾಕತ್ತೀನಿ.”

“ಯಾವ ಶಾಂಭವಿ ಅವ್ರು?”

“ಹಿರೇಹಡಗಲಿ.”

“ನಿಮ್ಮ ಮನಿಯವ್ರು ಮದಿವಿ ಆಗೈತಿ ಅಂದ್ರಲ್ರಿ...” ಅವನು ತಡೆದ. “ನೀವು ಖರೇನ ಶಾಂಭವಿ ಅವ್ರ ಏನ್ರಿ? ಅರ್ಜಿ ನಂಬರ್ ಹೇಳ್ರಿ ನೋಡೋಣ.”

ಅವಳು ಎಲ್ಲಿಯೂ ನೋಡದೆ ಹೇಳಿದಳು. ಸೊನ್ನೆಯಿಂದ ಶುರು, ಹನ್ನೊಂದು ಅಂಕಿ, ಒಂದೇ ಉಸಿರಿಗೆ. ನೋಟ್‌ಬುಕ್ಕಿನ ಕೊನೆಯ ಹಾಳೆಯ ನಂಬರು.

ಹುಡುಗನ ದನಿ ಬದಲಾಯಿತು. ಅವನು ಅಲ್ಲಿಯ ಮೂರನೇ ವರ್ಷದ ವಿದ್ಯಾರ್ಥಿ. ಕಾಯುವವರ ಪಟ್ಟಿಯವರಿಗೆ ಫೋನು ಮಾಡುವ ಕೆಲಸಕ್ಕೆ ಅವನನ್ನು ಕೂರಿಸಿದ್ದರು. “ಮೂರು ಸೀಟು ಖಾಲಿ ಆಗ್ಯಾವ್ರಿ. ಮೂರನೆದು ನಿಮ್ದು. ಹುಡುಗಿಗೆ ಬಿಟ್ಟು ಬ್ಯಾರೆ ಯಾರಿಗೂ ಹೇಳಬ್ಯಾಡ ಅಂತ ಮೇಡಂ ಹೇಳ್ಯಾರ. ಮನಿಯವ್ರ ಬ್ಯಾಡ ಅಂದುಬಿಡ್ತಾರಂತ್ರಿ. ನೀವು ಸಿಗಲೇ ಇಲ್ಲ. ಇವತ್ತ ಮಧ್ಯಾಹ್ನ ಮದಿವಿ ವಿಷಯ ಮೇಡಂಗೆ ಹೇಳಿಬಿಟ್ಟೆ.”

“ಈಗ ಸೀಟು?”

“ನಂಗೊತ್ತಿಲ್ರಿ. ನಾಳೆ ಹತ್ತಕ್ಕ ಪಟ್ಟಿ ವಿಶ್ವವಿದ್ಯಾಲಯಕ್ಕ ಹೋಗ್ತೈತಿ. ಅದರೊಳಗ ಬಂದ್ಬಿಡ್ರಿ. ನೀವ ಬರ್ರಿ ಮತ್ತ.”

ಫೋನು ಆರಿತು. ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಿದ್ದಳು; ಸುಟ್ಟ ವಾಸನೆ ತುಂಬಿತು.

“ಆ ನಂಬರ್ ಯಾಕ ಅಷ್ಟ ಸಲ ಬರದಿದ್ದಿ?” ಎಂದು ಕೇಳಿದೆ. ಅದೇ ಯಾಕೆ ಬಾಯಿಗೆ ಬಂತೋ.

“ಯಾವಾಗ ಕೇಳ್ತಾರೋ, ಬಾಯಾಗ ಇರ್ಲಿ ಅಂತ,” ಎಂದಳು. ಆಮೇಲೆ ನಿಧಾನವಾಗಿ, “ನನ್ನ ನೋಟ್‌ಬುಕ್ ತಗದು ನೋಡಿದ್ಯಾ?”

ನಾನು ಬಗ್ಗಿ ಹಂಚಿನ ಮೇಲಿನ ಸುಟ್ಟ ರೊಟ್ಟಿ ತೆಗೆದೆ.

“ಕೇಳಿದ್ರ ನಾನ ತೋರಿಸ್ತಿದ್ದೆ,” ಎಂದಳು.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹಡಗಲಿಯಲ್ಲಿ ಬಸ್ಸು ಬದಲಿಸುವಾಗ ಮಲ್ಲಿಗೆ ಮೂಟೆ ಏರಿಸುವವರ ಗದ್ದಲಕ್ಕೆ ಹದಿನೈದು ನಿಮಿಷ ತಡವಾಯಿತು. ಅವಳು ಅಂಕಪಟ್ಟಿಗಳ ಫೈಲನ್ನು ಎದೆಗೆ ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಮೂರು ಸೀಟು ಹಿಂದೆ. ದಾರಿಯುದ್ದಕ್ಕೂ ಅವಳು ಒಮ್ಮೆಯೂ ತಿರುಗಲಿಲ್ಲ. ಕಾಲೇಜಿನ ಗೇಟು ದಾಟಿದಾಗ ಗಂಟೆ ಒಂಬತ್ತೂ ನಲವತ್ತು.

ಪ್ರವೇಶದ ಕೋಣೆಯಲ್ಲಿ ಪುಷ್ಪಲತಾ ಮೇಡಂ ಎಂಬವರು ಇದ್ದರು, ಐವತ್ತು ದಾಟಿದವರು. ಶಾಂಭವಿ ಹೆಸರು ಹೇಳಿದೊಡನೆ ಕನ್ನಡಕದ ಮೇಲಿಂದ ನೋಡಿದರು. ಮೊದಲು ಕೊರಳು ನೋಡಿದರು. ಆಮೇಲೆ ಮೇಜಿನಿಂದ ಸ್ವಲ್ಪ ಬಗ್ಗಿ ಕಾಲ್ಬೆರಳು ನೋಡಿದರು. ತಾಳಿಯೂ ಇಲ್ಲ, ಕಾಲುಂಗುರವೂ ಇಲ್ಲ.

“ಮದಿವಿ ಆಗಿಲ್ಲ?”

“ಇಲ್ರಿ.”

“ನಿಶ್ಚಯನೂ ಆಗಿಲ್ಲ?”

“ಇಲ್ರಿ ಮೇಡಂ.”

“ಇವ್ರು?”

“ಅಣ್ಣ.”

“ಫೋನಿನಾಗ ಮಾತಾಡಿದ ಅಣ್ಣನ?”

ನಾನು ತಲೆಯಾಡಿಸಿದೆ. ಮೇಡಂ ರಿಜಿಸ್ಟರು ತಿರುಗಿಸಿ ನನ್ನ ಕಡೆ ಹಿಡಿದರು. ಶಾಂಭವಿಯ ಹೆಸರಿನ ಮುಂದೆ ‘ವಿವಾಹವಾಗಿದೆ, ಬರುವುದಿಲ್ಲ’ ಎಂದಿತ್ತು. ಉಳಿದ ಹೆಸರುಗಳ ಮುಂದಿನದೆಲ್ಲ ಪೆನ್ನಿನ ಬರಹ. ಇದೊಂದೇ ಪೆನ್ಸಿಲ್.

“ಹುಡುಗ ಬಂದು ಹೇಳಿದ, ಹ್ವಾದ ವಾರ ಮದಿವಿ ಆತಂತ್ರಿ ಅಂತ. ಬರಕೊಂಡೆ. ಪೆನ್ನು ಎತ್ತಿದಾಗನ ಕೈ ನಿಂತ್ಬಿಡ್ತು, ಅದಕ್ಕ ಪೆನ್ಸಿಲ್‌ನಾಗ. ನಾನೂ ಕೊಟ್ಟೂರಿನಾಕಿ. ಆಷಾಢದಾಗ ಯಾವ ಊರಾಗ ಮದಿವಿ ಮಾಡ್ತಾರ್ರಿ?”

ನನ್ನ ಕಿವಿ ಬಿಸಿಯಾಯಿತು. ನಾಲ್ಕು ದಿನ ಎಲ್ಲವನ್ನೂ ಎಣಿಸಿ, ತೂಗಿ, ಜೋಡಿಸಿದವನಿಗೆ ತಿಂಗಳು ಯಾವುದೆಂದು ನೆನಪಿರಲಿಲ್ಲ.

“ವರ್ಷಾ ವರ್ಷಾ ಕೇಳ್ತೀನಿ,” ಎಂದರು ಮೇಡಂ, ಶಾಂಭವಿಯ ಕಡೆ ತಿರುಗಿ. “ಮದಿವಿ ಆತು, ಕಾಲು ಮುರೀತು, ಬ್ಯಾರೆ ಕಡೆ ಸೇರಿಸಿವಿ. ಹೇಳೋರು ಯಾವಾಗ್ಲೂ ಅಣ್ಣ ಇಲ್ಲಂದ್ರ ಮಾವ. ನೀವು ಸ್ವಲ್ಪ ಹೊರಗ ಇರ್ರಿ.” ಕೊನೆಯದು ನನಗೆ.

ಹೊರಗೆ ನಿಂತೆ. ಬಾಗಿಲಿಗೆ ಗಾಜಿತ್ತು, ಮಾತು ಕೇಳುತ್ತಿರಲಿಲ್ಲ. ಮೇಡಂ ಏನೋ ಕೇಳಿದರು. ಶಾಂಭವಿ ತಲೆ ತಗ್ಗಿಸಿದಳು. ಗೋಡೆಯ ಗಡಿಯಾರ ಹತ್ತಕ್ಕೆ ಆರು ನಿಮಿಷ ತೋರಿಸುತ್ತಿತ್ತು. ಅವಳು ಒಮ್ಮೆ ತಿರುಗಿ ಗಾಜಿನಾಚೆ ನನ್ನನ್ನು ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ ಏನೋ ಹೇಳಿದಳು. ಸಣ್ಣ ಮಾತು, ಎರಡು ಮೂರು ಶಬ್ದ ಇರಬಹುದು. ನನ್ನನ್ನು ಬಿಟ್ಟುಕೊಟ್ಟಳೋ, ಕಾಪಾಡಿದಳೋ ಇವತ್ತಿಗೂ ತಿಳಿದಿಲ್ಲ. ಮೇಡಂ ಡ್ರಾಯರಿನಿಂದ ರಬ್ಬರು ತೆಗೆದು ರಿಜಿಸ್ಟರು ಉಜ್ಜಿದರು. ಪುಡಿಯನ್ನು ಊದಿ, ಪೆನ್ನು ಎತ್ತಿಕೊಂಡರು.

ಸಹಿ ಹಾಕಲು ನನ್ನನ್ನು ಒಳಗೆ ಕರೆದಾಗ ಪ್ರವೇಶದ ಫಾರಂ ಮೇಜಿನ ಮೇಲಿತ್ತು. ವಿದ್ಯಾರ್ಥಿಯ ಫೋನ್ ನಂಬರಿನ ಜಾಗದಲ್ಲಿ ಮೊದಲೇ ಅಚ್ಚಾಗಿದ್ದ ನನ್ನ ನಂಬರಿಗೆ ಗೆರೆ ಎಳೆದಿತ್ತು. ಕೆಳಗೆ, ಶಾಂಭವಿಯ ಅಕ್ಷರದಲ್ಲಿ, ಹಾಸ್ಟೆಲ್ಲಿನ ನಂಬರು. ಮೇಡಂ ತೋರಿಸಿದ ಜಾಗದಲ್ಲಿ ನಾನು ಸಹಿ ಹಾಕಿದೆ.

ಶ್ರಾವಣದ ಮೊದಲ ಸೋಮವಾರ ಅವಳನ್ನು ಬಿಟ್ಟು ಬಂದೆವು. ಅವ್ವ ಹತ್ತು ದಿನ ಸುಮ್ಮನಿದ್ದು, “ಒಂದು ಫೋನ್ ಹಚ್ಚಿ ಕೇಳು, ಉಂಡ್ಲಾ ಇಲ್ಲಾ,” ಎಂದಳು. ಗಿರಣಿಯಲ್ಲಿ ಜಂಬಕ್ಕ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಮೋಟಾರು ಆರಿಸಿ ಹಾಸ್ಟೆಲ್ಲಿಗೆ ಹಚ್ಚಿದೆ.

“ಯಾರ್ರಿ?” ಹೆಂಗಸಿನ ದನಿ.

“ಶಾಂಭವಿಗೆ ಕೊಡ್ರಿ. ಹಿರೇಹಡಗಲಿ.”

“ನೀವು ಏನಾಗಬೇಕು?”

“ಅಣ್ಣ.”

“ಇರ್ರಿ. ಆಕಿನ್ನ ಕೇಳಿ ಹೇಳ್ತೀನಿ.”

ಚಪ್ಪಲಿಯ ಸದ್ದು ದೂರ ಹೋಯಿತು. ಎಲ್ಲೋ ಉದ್ದನೆಯ ಪಡಸಾಲೆಯಲ್ಲಿ ತಂಗಿಯ ಹೆಸರು ಕೂಗಿದ್ದು ಕೇಳಿಸಿತು. ಒಂದು ಬಾಗಿಲು ತೆರೆಯಿತು. ಆಮೇಲೆ ಯಾವ ಸದ್ದೂ ಇಲ್ಲ.

“ಏನಪಾ, ಆತೇನು?” ಎಂದಳು ಜಂಬಕ್ಕ. “ಗಿರಣಿ ಹಾಕು, ಹೊತ್ತಾತು.”

“ಇರು ಜಂಬಕ್ಕ,” ಎಂದೆ. “ಇನ್ನೂ ಕೇಳಾಕತ್ತಾರ.”